ಕರಗುವ ಲೆಕ್ಕ

ಮೊದಲ ಸಲ ಬಂದಾಗ ಅಪೊಂಡಿಯ ಕೈಯಲ್ಲಿ ಕಾಗದವಿರಲಿಲ್ಲ,
ಐಸಿನ ಕಾರ್ಖಾನೆ ಪೂರ್ತಿ ಬಾಯಲ್ಲೇ ಇತ್ತು.
ಬೆಳಗಿನ ಐದಕ್ಕೆ ದೋಣಿ ಬರುತ್ತವೆ ಮೇಡಂ,
ಒಂಬತ್ತಕ್ಕೆ ಮೀನಿನ ಕಣ್ಣು ಮಬ್ಬು,
ಹನ್ನೊಂದಕ್ಕೆ ಅರ್ಧ ಬೆಲೆ,
ಆಮೇಲೆ ಬೆಕ್ಕಿಗೆ, ಕೊಕ್ಕರೆಗೆ.
ನಡುವೆ ನನ್ನ ಐಸು ನಿಂತರೆ...
ಅಷ್ಟೇ ಹೇಳಿ ನಕ್ಕಳು,
ಉಳಿದದ್ದು ನನಗೇ ಕಾಣಬೇಕು ಎಂಬಂತೆ.

ಕಂಡಿತ್ತು.
ಕಿಸುಮುವಿನ ಈ ಸಹಕಾರ ಸಂಘದ ಕಿಟಕಿಯ ಹಿಂದೆ
ಹದಿನಾಲ್ಕು ವರ್ಷ ಕೂತವಳು ನಾನು.
ಬಾಯಲ್ಲಿ ಕಟ್ಟಿದ ಕಾರ್ಖಾನೆಗಳು
ಎಷ್ಟು ಚೆಂದ, ಬಲ್ಲೆ.
ಹೊಗೆ ಇಲ್ಲ, ಬಾಡಿಗೆ ಇಲ್ಲ,
ಯಂತ್ರ ಕೆಡುವುದೇ ಇಲ್ಲ.

ಒಂದು ಗಟ್ಟಿ ಎಷ್ಟು ಕಿಲೋ? ಕೇಳಿದೆ.
ಇಪ್ಪತ್ತೈದು.
ಡುಂಗಾ ದಡ ಮುಟ್ಟುವಾಗ?
ಸುಮ್ಮನಾದಳು.
ಹೋಗಿ ತೂಗಿ ಬಾ, ಎಂದೆ.
ನನ್ನ ದನಿ ನನಗೇ ಒರಟಾಗಿ ಕೇಳಿತು.

ಹೊರಗೆ ಬೆಂಚಿನ ಮೇಲೆ ಅವಳ ಮೈದುನ ಒಕುಮು
ಇಡೀ ಸಂಘಕ್ಕೆ ಕೇಳುವಂತೆ ಅಂದ:
ಕೂಸು ಹುಟ್ಟುವ ಮೊದಲೇ
ಕುಲಾವಿ ಹೊಲಿಸಿ ತಾ ಅನ್ನುತ್ತಾರಲ್ಲ ಇವರು!
ಇರಬಹುದು ಒಕುಮು.
ಆದರೆ ನೋಡಿದ್ದೇನೆ,
ಹುಟ್ಟಿದ ಕೂಸನ್ನು ಮಳೆಯಲ್ಲಿ ಎತ್ತಿಕೊಂಡು
ಒಂದು ಚೂರು ಬಟ್ಟೆಗೆ ಬಾಗಿಲು ಬಾಗಿಲು ತಿರುಗಿದವರನ್ನು.
(ಒಬ್ಬಳು ನಾನೇ. ಜೆರಾಕ್ಸ್ ಅಂಗಡಿ.
ಕಾಲೇಜಿನ ಎದುರಿಗೇ ಇಟ್ಟಿದ್ದೆ.
ವರ್ಷಕ್ಕೆ ನಾಲ್ಕು ತಿಂಗಳು ಕಾಲೇಜಿಗೆ ರಜೆ ಎಂಬುದು
ಊರಿಗೆಲ್ಲ ಗೊತ್ತಿತ್ತು, ನನಗೂ.
ಬರೆದಿರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ.)

ಎರಡನೆಯ ಸಲ ಮಗನ ಗಣಿತದ ನೋಟ್‌ಬುಕ್ಕು ತಂದಳು.
ಮುಂದಿನಿಂದ ಅವನ ಭಿನ್ನರಾಶಿ, ಕೆಂಪು ಶಾಯಿಯ ತಪ್ಪುಗಳು;
ಹಿಂದಿನಿಂದ ಅವಳದು.
ಗೋಣಿ ಸುತ್ತಿದರೆ ಹತ್ತೊಂಬತ್ತು ಕಿಲೋ.
ಮರದ ಹೊಟ್ಟಿನಲ್ಲಿ ಇಪ್ಪತ್ತೊಂದು.
ಅಹೇರೊ ಗದ್ದೆಯ ಭತ್ತದ ಹೊಟ್ಟಿನಲ್ಲಿ ಇಪ್ಪತ್ತೆರಡೂವರೆ;
ಹೊಟ್ಟು ಪುಕ್ಕಟೆ, ಹೊತ್ತು ತರುವ ಬೈಕಿಗೆ ನೂರೈವತ್ತು ಶಿಲ್ಲಿಂಗ್.
ಕರೆಂಟು ಕೈಬಿಡುವ ದಿನ: ತಿಂಗಳಿಗೆ ಆರು.
ಉದ್ದರಿ ಕೇಳುವ ಹೆಂಗಸರು: ಹನ್ನೊಂದು.
ಅದರಲ್ಲಿ ಅತ್ತೆಯೂ.

ಎರಡೂವರೆ ಕಿಲೋ ದಾರಿಯಲ್ಲಿ ನೀರಾಗುತ್ತದೆಂದು
ಮೊದಲೇ ಬರೆದಿಟ್ಟರೆ
ಸೋರಿದ್ದು ಖರ್ಚಾಗುತ್ತದೆ.
ನಷ್ಟಕ್ಕೂ ಖರ್ಚಿಗೂ ನಡುವೆ
ಪೆನ್ಸಿಲ್ಲಿನ ಒಂದು ಗೆರೆ.

ಪುಟ ತಿರುವುತ್ತ ಕೇಳಿದೆ:
ಅಂತರಗಂಗೆ ಬಂದರೆ?
ನೇರಳೆ ಹೂವಿನ ಆ ಹಸಿರು ಕಂಬಳಿ
ಗಾಳಿ ತಳ್ಳಿದಂತೆ ತೇಲಿ ಬಂದು ಕೊಲ್ಲಿ ಮುಚ್ಚಿದರೆ
ಮೂರು ವಾರ ದೋಣಿ ಕದಲುವುದಿಲ್ಲ.
ಮೀನಿಲ್ಲದ ದಡದಲ್ಲಿ ಐಸಿಗೇನು ಕೆಲಸ?

ಆ ದಡದಲ್ಲೇ ಹುಟ್ಟಿದವಳು. ಎಷ್ಟೋ ಸಲ ಕಂಡವಳು.
ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಪೆನ್ಸಿಲ್ಲು ಕೊಡಿ, ಅಂದಳು.
ಹಿಂದೆ ಸರದಿಯವರು ಗೊಣಗುತ್ತಿದ್ದರು,
ಇವಳು ಕಿಟಕಿಯ ಕಟ್ಟೆಯ ಮೇಲೆ, ನಿಂತೇ, ಬರೆದಳು:
ಸಾವಿನ ಮನೆಗಳು. ನೆಂಟರು ನೂರಾರು, ಸೋಡಾ ತಣ್ಣಗಿರಬೇಕು.
ಬಸ್ ನಿಲ್ದಾಣದ ಜ್ಯೂಸಿನವರು.
ಆಮೇಲೆ, ತಡೆದು, ಚಿಕ್ಕ ಅಕ್ಷರದಲ್ಲಿ:
ಒಂದು ವಾರ ಯಂತ್ರ ನಿಲ್ಲಿಸುವುದು.

ಆ ಕೊನೆಯ ಸಾಲು ನೋಡಿ ನಾನು ಮೊಹರು ಒತ್ತಿದೆ.

ಕೇಳಿದ್ದಕ್ಕಿಂತ ಕಡಿಮೆಯೇ ಮಂಜೂರಾಯಿತು.
ನಕುರುವಿನಿಂದ ಬಂದ ಹಳೆಯ ಯಂತ್ರ
ಮೊದಲ ವಾರವೇ ಕೆಮ್ಮಿತು.
ಅತ್ತೆ ನಗದು ಕೊಟ್ಟಳು,
ಜ್ಯೂಸಿನವರು ಕೈ ಕೊಟ್ಟರು.
ಅಂತರಗಂಗೆ ಲೆಕ್ಕಕ್ಕಿಂತ ತಿಂಗಳು ಮೊದಲೇ ಬಂತು.

ಕಂತಿನ ನೆವ ಹೇಳಿಕೊಂಡು ದಡಕ್ಕೆ ಹೋದೆ.
ದೋಣಿಗಳು ಹಸಿರಿನಲ್ಲಿ ಹೂತು ನಿಂತಿದ್ದವು.
ಅಪೊಂಡಿ ಮಗುಚಿದ ಕ್ರೇಟಿನ ಮೇಲೆ ಕೂತು
ಅದೇ ನೋಟ್‌ಬುಕ್ಕಿನಲ್ಲಿ
ಒಂದು ಸಾಲು ಹೊಡೆದುಹಾಕಿ
ಇನ್ನೊಂದು ಬರೆಯುತ್ತಿದ್ದಳು.
ಪೆನ್ಸಿಲ್ಲು ನನ್ನದೇ.
ವಾಪಸು ಕೇಳಲಿಲ್ಲ.